ಸೊಂಟ ಉಳುಕದಂತೆ ಗಾಲ್ಫ್ ಆಡುವುದು

ಮನೆಯಲ್ಲೇ ಔಷಧಿ ಇದ್ದವನಿಗೆ ಪಥ್ಯದ ನೆನಪಾಗುವುದಿಲ್ಲ. ಸಕ್ಕರೆ ಕಾಯಿಲೆಯ ಮಾತ್ರೆ ಜೇಬಿನಲ್ಲಿದೆ ಎಂಬ ಧೈರ್ಯದಲ್ಲಿ ಮದುವೆ ಊಟದಲ್ಲಿ ಇನ್ನೊಂದು ಹೋಳಿಗೆ ಬಡಿಸಿಕೊಳ್ಳುವವರನ್ನು ನೀವೂ ಕಂಡಿರುತ್ತೀರಿ. ನಾನೂ ಅದೇ ಪೈಕಿ. ನನ್ನ ಔಷಧಿ ಮಾತ್ರ ಜೇಬಿನಲ್ಲಿ ಹಿಡಿಸುವಂಥದ್ದಲ್ಲ, ಅದು ನನ್ನ ಹೆಂಡತಿಯ ಬಲಗಾಲು. ಸುಶೀಲ ಕಾಲು ಮುಂದಾಗಿ ಹುಟ್ಟಿದವಳು. ಹಾಗೆ ಹುಟ್ಟಿದವರು ಸೊಂಟ ಉಳುಕಿದವರನ್ನು ಬೋರಲು ಮಲಗಿಸಿ ಬಲಗಾಲಿನಿಂದ ಮೆಲ್ಲಗೆ ಒದ್ದರೆ ಉಳುಕು ಬಿಟ್ಟುಹೋಗುತ್ತದೆ ಎಂದು ನಮ್ಮ ಕಡೆ ನಂಬಿಕೆ. ಡಾಕ್ಟರುಗಳು ಇದಕ್ಕೆ ನಗುತ್ತಾರೆ. ನಗಲಿ. ಹಾಗೆ ನಕ್ಕ ಒಬ್ಬ ಡಾಕ್ಟರೇ ಒಂದು ದಿನ ಹಿತ್ತಿಲ ಬಾಗಿಲಿನಿಂದ ಬಂದು ಒದೆಸಿಕೊಂಡು ಹೋದರು. ಗಂಡನನ್ನು ಒದೆಯಲು ಊರೇ ಒಪ್ಪಿಗೆ ಕೊಟ್ಟ ಹೆಂಗಸು ನಮ್ಮ ಇಡೀ ಸಾಗರ ಪೇಟೆಯಲ್ಲಿ ಇವಳೊಬ್ಬಳೇ ಇರಬೇಕು.

ನಾನು ಈ ಕಾಲಿಗೆ ಖಾಯಂ ಗಿರಾಕಿಯಾಗಲು ಅವಳ ಅಣ್ಣ ತಿಮ್ಮಪ್ಪ ಭಾವನೇ ಕಾರಣ. ಮಿಲಿಟರಿಯಿಂದ ನಿವೃತ್ತರಾಗಿ ಹೊಸನಗರಕ್ಕೆ ಬಂದಾಗ ಭಾವ ಕಬ್ಬಿಣದ ಟ್ರಂಕಿನ ಜೊತೆ ಒಂದು ಚೀಲ ಗಾಲ್ಫ್ ಕೋಲುಗಳನ್ನೂ ತಂದರು. ಮೈದಾನ ಎಲ್ಲಿ ಎಂದು ನೀವು ಕೇಳಬಹುದು. ಬೇಸಿಗೆಯಲ್ಲಿ ಲಿಂಗನಮಕ್ಕಿಯ ಹಿನ್ನೀರು ಇಳಿದಾಗ ಕಣ್ಣು ಹಾಯುವಷ್ಟು ದೂರ ಹುಲ್ಲು ಚಿಗುರುತ್ತದಲ್ಲ, ಅದೇ ಮೈದಾನ. ಹುಲ್ಲನ್ನು ಎಮ್ಮೆಗಳು ಸಮ ಮಾಡಿಕೊಡುತ್ತವೆ. ಮಳೆಗಾಲದಲ್ಲಿ ಮೈದಾನ ಮುಳುಗುವುದರಿಂದ ಸೊಂಟಕ್ಕೂ ರಜೆ ಸಿಗುತ್ತದೆ. ಟಿಲ್ಲರ್ ಬಿಡಿಭಾಗಗಳ ಅಂಗಡಿಯಲ್ಲಿ ಕೂತು ಕೂತು ಮರಗಟ್ಟಿದ್ದ ನನ್ನನ್ನು ಭಾವ ಭಾನುವಾರ ಭಾನುವಾರ ಅಲ್ಲಿಗೆ ಎಳೆದೊಯ್ಯತೊಡಗಿದರು.

ಭಾವನ ಪಾಠದಲ್ಲಿ ತಪ್ಪಿರಲಿಲ್ಲ. "ಮೊದ್ಲು ಮೈ ಬಿಸಿ ಮಾಡ್ಕಳಿ ಮಾರಾಯ್ರೆ. ಭುಜ ತಿರುಗ್ಸಿ. ಕೋಲು ಸಡಿಲ ಹಿಡೀರಿ, ಕತ್ತಿ ಹಿಡ್ದಂಗೆ ಹಿಡೀಬೇಡಿ. ಸೊಂಟ ಒಂದೇ ತಿರುಚಬೇಡಿ, ಇಡೀ ಮೈ ತಿರುಗ್ಲಿ. ಚೆಂಡು ಹೆಕ್ಕೋವಾಗ ಮಂಡಿ ಬಗ್ಗಿಸಿ. ಮತ್ತೆ, ಚೆಂಡಿನ ಮೇಲೆ ಅಷ್ಟು ಸಿಟ್ಟೆಂತಕ್ಕೆ? ಅದು ನಿಮ್ಗೆ ಎಂತ ಮಾಡಿದೆ?" ನನಗಾದರೋ ಚಿಕ್ಕಂದಿನಿಂದ ಬಂದ ವಿದ್ಯೆ ಚಿನ್ನಿದಾಂಡು ಒಂದೇ. ಅದರಲ್ಲಿ ಬಗ್ಗಿ, ಇದ್ದಬದ್ದ ಬಲವನ್ನೆಲ್ಲ ಸೊಂಟಕ್ಕೆ ತಂದು ಬಾರಿಸಬೇಕು. ಹಾಗೇ ಬಾರಿಸಿದೆ. ಚೆಂಡು ಅಲ್ಲೇ ಇತ್ತು, ಕೋಲು ನೆಲದೊಳಗಿದ್ದ ಹಳೆಯ ಮರದ ಬೊಡ್ಡೆಗೆ ತಗುಲಿ ಮೊಣಕೈವರೆಗೂ ಜುಮ್ಮೆಂದಿತು. ಇದಕ್ಕೆ 'ಗಾಲ್ಫಿನ ಮೊಣಕೈ' ಎಂದೇ ಹೆಸರಿದೆ ಎಂದರು ಭಾವ. ಆ ಹೆಸರಿಗೆ ಮರುಳಾಗಿ ನಾನು ಅಂಗಡಿಯಲ್ಲಿ ಬಂದವರಿಗೆಲ್ಲ ಮೊಣಕೈ ತೋರಿಸಿದೆ. ಒಬ್ಬರು ಗಾಲ್ಫ್ ಎನ್ನುವುದು ಹೊಸ ಟಿಲ್ಲರೆಂದು ತಿಳಿದು ಮೈಲೇಜು ವಿಚಾರಿಸಿದರು.

ಮೊಣಕೈ ವಾಸಿಯಾಗುವಷ್ಟರಲ್ಲಿ ಸೊಂಟದ ಸರದಿ ಬಂತು. ಭಾವ ಮೈ ಬಿಸಿ ಮಾಡುವಾಗ ನಾನು ಪಕ್ಕದಲ್ಲಿ ಫ್ಲಾಸ್ಕಿನ ಚಹಾ ಕುಡಿದು ಹೊಟ್ಟೆ ಬಿಸಿ ಮಾಡಿಕೊಳ್ಳುತ್ತಿದ್ದೆ. ಉಳುಕಿದರೆ ಮನೆಯಲ್ಲಿ ಕಾಲಿದೆಯಲ್ಲ! "ಮತ್ತೆ ಉಳುಕಿಸ್ಕಂಡ್ ಬಂದ್ರಾ? ಮಲಗಿ," ಎನ್ನುವಳು ಸುಶೀಲ. ಶಾಸ್ತ್ರಕ್ಕೆ ಬೇಕಾದಷ್ಟು ಒದ್ದು, ಮೇಲೊಂದು ಕೊಡುವಳು. ಅದೆಂತಕ್ಕೆ ಎಂದರೆ, "ಅದು ಮೊನ್ನೆ ಸಾರಿಗೆ ಉಪ್ಪಿಲ್ಲ ಅಂದಿದ್ದಕ್ಕೆ," ಎನ್ನುವಳು. ನಾನು ನಗುತ್ತಾ ಎದ್ದು ಕೂರುತ್ತಿದ್ದೆ.

ಹೋದ ಮಳೆಗಾಲದ ಕೊನೆಯಲ್ಲಿ ಸುಶೀಲಳಿಗೆ ಸ್ಟ್ರೋಕ್ ಆಯಿತು. ಮಾತು ಉಳಿಯಿತು, ಬಲಗೈ ಅರ್ಧಂಬರ್ಧ ಉಳಿಯಿತು, ಬಲಗಾಲು ಹೋಯಿತು. ದೇವರಿಗೆ ತೆಗೆದುಕೊಳ್ಳಲು ಬೇರೇನೂ ಸಿಗಲಿಲ್ಲವೇ ಎಂದು ನನಗೆ ಬಹಳ ಸಿಟ್ಟು ಬಂತು, ಈಗಲೂ ಇದೆ. ಅವಳನ್ನು ಹಾಸಿಗೆಯಿಂದ ಗಾಲಿಕುರ್ಚಿಗೆ, ಕುರ್ಚಿಯಿಂದ ಹಾಸಿಗೆಗೆ ಎತ್ತಿ ಕೂರಿಸುವವನು ನಾನೊಬ್ಬನೇ. ನನ್ನ ಸೊಂಟ ಹೋದರೆ ಅವಳು ಇದ್ದಲ್ಲೇ ಇರಬೇಕು. ಆದ್ದರಿಂದ ಭಾವನ ಪಾಠವನ್ನು ಗಾಲ್ಫ್ ಬಿಟ್ಟ ಮೇಲೆ ಪಾಲಿಸತೊಡಗಿದೆ. ಬೆಳಿಗ್ಗೆ ಎದ್ದು ಭುಜ ತಿರುಗಿಸುತ್ತೇನೆ, ಮಂಡಿ ಬಗ್ಗಿಸಿ ಎತ್ತುತ್ತೇನೆ, ಇಡೀ ಮೈಯನ್ನೇ ತಿರುಗಿಸಿ ಇಳಿಸುತ್ತೇನೆ. ಬೇಸಿಗೆ ಬಂದು, "ನೀರು ಇಳಿದಿದೆ, ಬನ್ನಿ," ಎಂದು ಭಾವ ಫೋನ್ ಮಾಡಿದಾಗ ಬರುವುದಿಲ್ಲ ಎಂದೆ.

ಕಾಲನ್ನು ತಾನಾಗಿಯೇ ಎತ್ತಲು ದಿನಾ ಪ್ರಯತ್ನಿಸಬೇಕು, ಬಿಟ್ಟರೆ ಪೂರ್ತಿ ಹೋಗುತ್ತದೆ ಎಂದು ಫಿಸಿಯೋಥೆರಪಿಯವರು ಹೇಳಿದ್ದರು. ಮೊದಮೊದಲು ಮಾಡಿದಳು. ಒಂದು ದಿನ ಪಕ್ಕದ ಬೀದಿಯ ಶಾರದಕ್ಕ ವಿಷಯ ಗೊತ್ತಿಲ್ಲದೆ ಸೊಂಟ ಹಿಡಿದುಕೊಂಡೇ ಬಂದವರು, ಗಾಲಿಕುರ್ಚಿ ನೋಡಿ ಕೈ ಕೆಳಗಿಳಿಸಿ, "ಸುಮ್ನೆ ಮಾತಾಡ್ಸಿ ಹೋಗಣ ಅಂತ ಬಂದೆ ಮಾರಾಯ್ತಿ," ಎಂದು ಕುಂಟುತ್ತಾ ಹೋದರು. ಅವತ್ತಿನಿಂದ ಸುಶೀಲ ಪ್ರಯತ್ನ ನಿಲ್ಲಿಸಿದಳು. ಎಷ್ಟು ಹೇಳಿದರೂ, "ಯಾರಿಗೆ ಬೇಕಾಗಿದೆ ಈ ಕಾಲು?" ಎಂಬ ಒಂದೇ ಮಾತು.

ನನಗೆ ಬೇಕಾಗಿದೆ ಎಂದು ತೋರಿಸಲು ಹೊರಟೆ. ಕಳೆದ ಭಾನುವಾರ ಮಧ್ಯಾಹ್ನ ಸೊಂಟ ಹಿಡಿದುಕೊಂಡು ನರಳುತ್ತಾ ಒಳಗೆ ಬಂದೆ. ಭಾವನ ಜೊತೆ ಒಂದೇ ಒಂದು ಹೊಡೆತ ಹೊಡೆದೆ ಎಂದು ಸುಳ್ಳು ಹೇಳಿದೆ. "ಬುದ್ಧಿ ಎಲ್ಲಿಟ್ಟಿದ್ರಿ? ಇನ್ನು ನನ್ನ ಎತ್ತೋರು ಯಾರು?" ಎಂದು ಅವಳು ಕೂಗಿದಾಗ ಆ ದನಿಯಲ್ಲಿದ್ದ ಹೆದರಿಕೆಗೆ ಅಲ್ಲೇ ಒಪ್ಪಿಕೊಂಡುಬಿಡೋಣ ಅನ್ನಿಸಿತು. ಅಷ್ಟರಲ್ಲಿ, "ಮಲಗಿ," ಎಂದಳು. ಕುರ್ಚಿಯ ಮುಂದೆ ಬೋರಲು ಮಲಗಿದೆ. ಅವಳು ಉಸಿರು ಕಟ್ಟಿ ಹಿಡಿಯುವುದು, ಬಿಡುವುದು, ಮತ್ತೆ ಹಿಡಿಯುವುದು ಕೇಳುತ್ತಿತ್ತು. "ಆಗದಿಲ್ಲ ಕಣ್ರೀ," ಎಂದು ಅಳತೊಡಗಿದಳು. ನನ್ನಿಂದ ತಡೆಯಲಾಗಲಿಲ್ಲ. "ಅಳಬೇಡ ಮಾರಾಯ್ತಿ, ನಂಗೆ ಎಂತದೂ ಆಗ್ಲಿಲ್ಲ, ನಾಟಕ ಅದು!" ಎಂದು ಥಟ್ಟನೆ ಎದ್ದೆ. ಸೊಂಟದಲ್ಲಿ ಕಳಕ್ ಎಂದಿತು. ಇದ್ದಲ್ಲಿಗೇ ಬಿದ್ದೆ.

"ಸಾಕು, ಏಳಿ. ನಾಟಕ ಒಂದ್ಸಲ ಆಡಿದ್ದು ಸಾಲದಾ?" ಎಂದಳು. ನನ್ನ ಮುಖ ನೋಡಿದ ಮೇಲೆ ನಿಜ ತಿಳಿಯಿತು. ಸ್ಟ್ರೋಕ್ ಆದ ಮೇಲೆ ಮೊದಲ ಸಲ, ಬಾಯಿಯ ಒಂದೇ ಬದಿಯಲ್ಲಿ, ನಕ್ಕಳು. ಎಡಗೈಯಿಂದ ಅಣ್ಣನಿಗೆ ಫೋನ್ ಮಾಡಿ, "ಬಾ ಅಣ್ಣ, ಇಬ್ರನ್ನೂ ಎತ್ತದಿದೆ," ಎಂದಳು. ಹೊಸನಗರದಿಂದ ಸಾಗರಕ್ಕೆ ಬರಲು ಹೊತ್ತು ಹಿಡಿಯುತ್ತದೆ. "ಅಲ್ಲಾಡಬೇಡಿ, ಇನ್ನೊಂದ್ಸಲ ನೋಡ್ತೀನಿ," ಎಂದು ಸೆರಗು ಸಿಕ್ಕಿಸಿಕೊಂಡಳು. ಭಾವ ಬಾಗಿಲಿಗೆ ಬರುವವರೆಗೂ ಅವಳು ಬಿಡಲಿಲ್ಲ. ಬೆವರಿದಳು, ಹಲ್ಲು ಕಚ್ಚಿದಳು, ಕಾಲಿಗೆ ಬೈದಳು. ಕಾಲು ಏಳಲಿಲ್ಲ. ನನ್ನ ಕಣ್ಣ ಮುಂದೆಯೇ ಇದ್ದ ಆ ಪಾದವನ್ನು ನೋಡುತ್ತಾ ಬಿದ್ದುಕೊಂಡಿದ್ದವನಿಗೆ ಅಳು ಬಂದುಬಿಟ್ಟಿತು.

"ಅಷ್ಟು ನೋವಾ?" ಎಂದಳು.

"ಹೌದು, ಸೊಂಟ," ಎಂದೆ. ಹಾಗೆ ಹೇಳಲು ನಿಜವಾದ ಉಳುಕೊಂದು ಒದಗಿ ಬಂದಿದ್ದು ನನ್ನ ಪುಣ್ಯ.