ಸ್ಟೋರ್ ರೂಮಿನಿಂದ ನಡೆಸಿದ ಕ್ರೀಡಾಕೂಟ

ವಿಮಾನ ನಿಲ್ದಾಣದ ಹತ್ತಿರ, ಚಿಕ್ಕಜಾಲದ ಕಡೆಯ ಪ್ರೌಢಶಾಲೆಯೊಂದಕ್ಕೆ ಮುಖ್ಯೋಪಾಧ್ಯಾಯನಾದ ಮೊದಲ ವರ್ಷವೇ ಕ್ರೀಡಾಕೂಟದ ಕಾರ್ಯಕ್ರಮ ಪಟ್ಟಿಯನ್ನು ಖುದ್ದಾಗಿ ಬರೆದೆ. ಸ್ವಾಗತ: ನಾನು. ಧ್ವಜಾರೋಹಣ: ನಾನು. ನಿರೂಪಣೆ: ನಾನು. ವಂದನಾರ್ಪಣೆಗಾದರೂ ಬೇರೆಯವರಿರಲಿ ಎಂದು ಬಹಳ ಯೋಚಿಸಿ, ಕೊನೆಗೆ ಅಲ್ಲೂ ನನ್ನ ಹೆಸರನ್ನೇ ಹಾಕಿದೆ!

ಗಣಿತದ ಶಬಾನಾ ಮೇಡಂ, "ಸಾರ್, ನಾವೂ ಒಂದೊಂದ್ ಕೆಲ್ಸ ಹಂಚ್ಕೋತೀವಿ" ಎಂದರು.

"ನಿಮಗ್ಯಾಕೆ ಮೇಡಂ ತೊಂದ್ರೆ?" ಎಂದೆ. ನಾನಿಲ್ಲದಿದ್ದರೆ ಶಾಲೆಯಲ್ಲಿ ಗಂಟೆಯೂ ಹೊಡೆಯುವುದಿಲ್ಲವೆಂಬುದು ನನ್ನ ದೃಢ ನಂಬಿಕೆ.

ಕ್ರೀಡಾಕೂಟದ ದಿನ ಬೆಳಿಗ್ಗೆ ಸೀಟಿ ತರಲು ಸ್ಟೋರ್ ರೂಮಿಗೆ ಹೋದೆ. ಅದಕ್ಕೂ ನಾನೇ! ಮೂಲೆಯ ಪೆಟ್ಟಿಗೆಯೊಳಗೆ ತಲೆ ಹಾಕಿ ಹುಡುಕುತ್ತಿದ್ದಾಗ ಹೊರಗೆ ಖಟ್ ಎಂದಿತು. ಸ್ಟೋರ್ ರೂಮಿನ ಬಾಗಿಲು ತೆರೆದಿರುವುದು ಕಂಡಲ್ಲಿ ತಕ್ಷಣ ಚಿಲಕ ಹಾಕತಕ್ಕದ್ದು ಎಂದು ನಾನೇ ಸುತ್ತೋಲೆ ಹೊರಡಿಸಿದ್ದೆ. ಆಯಾ ರತ್ನಮ್ಮ ಅದನ್ನು ಶ್ರದ್ಧೆಯಿಂದ ಪಾಲಿಸಿದ್ದರು!

ಕೂಗಿದೆ. ಮೈಕಿನ ಹಾಡಿನ ಮುಂದೆ ನನ್ನ ಕೂಗು ಯಾರಿಗೆ ಕೇಳಬೇಕು? ಫೋನು ವೇದಿಕೆಯ ಮೇಲಿತ್ತು. ದೂರದ ಮೈದಾನ ಕಾಣುವ ಕಿಟಕಿಯ ಸರಳು ಹಿಡಿದು ನಿಂತೆ. ಕಾರ್ಯಕ್ರಮವೂ ಹೋಯಿತು, ಮಾನವೂ ಹೋಯಿತು ಎಂದುಕೊಂಡೆ.

ಹೋಗಲಿಲ್ಲ. ಶುರುವಾಯಿತು! ಶಬಾನಾ ಮೇಡಂ ಮೈಕ್ ಹಿಡಿದರು. ಕನ್ನಡ ಮೇಷ್ಟ್ರು ಎರಡೇ ನಿಮಿಷದಲ್ಲಿ ಅತಿಥಿಯನ್ನು ಸ್ವಾಗತಿಸಿದರು. ನನ್ನ ಸ್ವಾಗತ ಭಾಷಣ ಹನ್ನೊಂದು ಪುಟವಿತ್ತು. ಸೀಟಿ ಇಲ್ಲದಿದ್ದರೇನು, ದೈಹಿಕ ಶಿಕ್ಷಕ ನಾಗರಾಜು ಬಾಯಲ್ಲೇ ಸಿಳ್ಳೆ ಹೊಡೆದು ಓಟ ಬಿಟ್ಟರು. ಒಂಬತ್ತನೇ ತರಗತಿಯ ಹುಡುಗಿಯರ ರಿಲೇ ನೋಡಿ ನಾನು ಕಿಟಕಿಯಲ್ಲೇ ಕುಣಿದೆ.

ಕೊನೆಗೆ ಟ್ರೋಫಿ ಒಯ್ಯಲು ರತ್ನಮ್ಮ ಬಾಗಿಲು ತೆಗೆದರು.

"ಅಯ್ಯೋ ಸಾರ್! ನೀವ್ ಇಂಗೆ ಇಲ್ಲಿ ನಿಂತ್ರೆ ಎಂಗೆ? ಅಲ್ಲೆಲ್ಲಾ ಮುಗ್ದೋಯ್ತು!"

"ಉಸ್ತುವಾರಿ ಮಾಡ್ತಿದ್ದೆ" ಎಂದೆ.

ನಾನು ವೇದಿಕೆ ಹತ್ತುವಾಗ ಅತಿಥಿಗಳು ಹೇಳುತ್ತಿದ್ದರು: "ಎಲ್ಲಾ ಶಿಕ್ಷಕರಿಗೆ ಬಿಟ್ಟು ತಾವು ಮರೆಯಲ್ಲಿ ನಿಂತಿದ್ದಾರೆ ನಿಮ್ಮ ಹೆಡ್‌ಮಾಸ್ಟರು. ಇದು ನಾಯಕತ್ವ!"

ಚಪ್ಪಾಳೆಯೋ ಚಪ್ಪಾಳೆ. ಕೈಮುಗಿದು ಸುಮ್ಮನಿದ್ದುಬಿಡಲೇ ಎನಿಸಿತು. ಆದರೆ ದಿನವೂ ಪ್ರಾರ್ಥನೆಯ ಹೊತ್ತಿಗೆ ನಾನು ಸತ್ಯದ ಪಾಠ ಹೇಳುವ ಮಕ್ಕಳೇ ಎದುರಿಗೆ ಕೂತಿದ್ದರು. ಮೈಕ್ ತೆಗೆದುಕೊಂಡೆ.

"ಮರೆಯಲ್ಲಿ ನಿಂತಿರ್ಲಿಲ್ಲ ಸಾರ್. ಸ್ಟೋರ್ ರೂಮಲ್ಲಿ ಸಿಕ್ಕಾಕೊಂಡಿದ್ದೆ. ಎಲ್ಲಾ ಮಾಡಿದ್ದು ಇವರು. ನಾನು ಹೊರಗಿದ್ದಿದ್ರೆ ಮಾಡೋಕೆ ಬಿಡ್ತಾನೇ ಇರ್ಲಿಲ್ಲ!"

ಮೈದಾನವೇ ಬಿದ್ದು ಬಿದ್ದು ನಕ್ಕಿತು. ಶಬಾನಾ ಮೇಡಂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆಮೇಲೆ ಎಲ್ಲರೂ ಎದ್ದರು. ಮೇಲೆ ಹಾರುತ್ತಿದ್ದ ವಿಮಾನದ ಸದ್ದೂ ಕೇಳಿಸಲಿಲ್ಲ.

ಯಲಹಂಕದ ಮನೆಗೆ ಎದೆಯುಬ್ಬಿಸಿಕೊಂಡೇ ಬಂದೆ. "ಇಂಥಾ ಕ್ರೀಡಾಕೂಟ ನಮ್ಮ ಸ್ಕೂಲಲ್ಲಿ ಯಾವತ್ತೂ ಆಗಿರ್ಲಿಲ್ವಂತೆ ಕಣೇ!"

"ಹೌದಾ! ನೀವೇನ್ ಮಾಡಿದ್ರಿ?" ಎಂದಳು ಹೆಂಡತಿ.

"ಏನೂ ಮಾಡ್ಲಿಲ್ಲ."

"ಅದಕ್ಕೇ" ಎಂದಳು.