ನೀರು ಬಂದ ದಿನದ ಕುಸ್ತಿ

ಮನುಷ್ಯ ಬೀಳುವಾಗ ಊರೆಲ್ಲ ನೋಡಿರುತ್ತದೆ. ಗೆಲ್ಲುವಾಗ ಮಾತ್ರ ಎಲ್ಲರಿಗೂ ಬೇರೆ ಕೆಲಸವಿರುತ್ತದೆ. ಇದನ್ನು ಯಾರ ಮೇಲಿನ ಸಿಟ್ಟಿನಿಂದಲೂ ಹೇಳುತ್ತಿಲ್ಲ. ಸ್ವಲ್ಪ ಸಿಟ್ಟಿದೆ, ಅದು ಮುಂದೆ ತಾನಾಗಿ ಬರುತ್ತದೆ. ನಮ್ಮ ಕಡೆ ಕಾಲುವೆ ಬಂದ ಆಸುಪಾಸಿನ ಹತ್ತು ವರ್ಷಗಳಲ್ಲಿ ಯಾದಗಿರಿ, ಶಹಾಪುರ, ಸುರಪುರದ ಕಣಗಳಲ್ಲಿ ನಡೆದ ಒಳ್ಳೊಳ್ಳೆಯ ಕುಸ್ತಿಗಳನ್ನು ನಾನು ಬಹಳ ಹತ್ತಿರದಿಂದ ನೋಡಿದ್ದೇನೆ. ಎಷ್ಟು ಹತ್ತಿರವೆಂದರೆ, ಹೆಚ್ಚಿನವನ್ನು ಕೆಳಗಿನಿಂದ ನೋಡಿದ್ದೇನೆ. ಮಾಸ್ತರಿಕೆ ಸಿಗುವ ಮುಂಚೆ ಕುಸ್ತಿಯೇ ನನ್ನ ಕಸುಬಾಗಿತ್ತು. ಒಂದೂರಿನ ಕಣದಿಂದ ಇನ್ನೊಂದೂರಿನ ಕಣಕ್ಕೆ ಹೋಗುವುದು, ದೊಡ್ಡ ಪೈಲ್ವಾನರ ಜೋಡಿಗೆ ಮುಂಚೆ ಜನರ ಮೈ ಬೆಚ್ಚಗಾಗಲೆಂದು ಕುಸ್ತಿ ಹಿಡಿಯುವುದು, ಬಿದ್ದು ಮಣ್ಣು ಜಾಡಿಸಿಕೊಂಡು ಊಟಕ್ಕೆ ಕೂಡುವುದು. ಯಾವ ಊರಿನ ಕಣದ ಮಣ್ಣಿಗೆ ಕಲಸಿದ ಎಣ್ಣೆ ಹೆಚ್ಚು, ಯಾವ ಊರಿನವರು ಅರಿಶಿನದಲ್ಲಿ ಜುಗ್ಗತನ ಮಾಡಿದ್ದಾರೆ ಎನ್ನುವುದನ್ನು ನನ್ನ ಬೆನ್ನು ಇಂದಿಗೂ ಹೇಳಬಲ್ಲದು.

ಈ ಹಳೆಯ ಬೆನ್ನನ್ನು ಕೆದಕಿದವರು ಶಹಾಪುರದ ನಮ್ಮ ಓಣಿಯ ಗರಡಿಮನೆಯ ಹೊಸ ಕಮಿಟಿಯವರು. ಬಿದ್ದುಹೋಗಿದ್ದ ಗರಡಿಮನೆಯನ್ನು ಮತ್ತೆ ಕಟ್ಟಿಸಿ, ಸುಣ್ಣ ಹಚ್ಚಿಸಿ, ಒಳಗೋಡೆಯ ಮೇಲೆ ಆ ಹತ್ತು ವರ್ಷದ ಅತ್ಯುತ್ತಮ ಕುಸ್ತಿಗಳನ್ನು ಬಣ್ಣದಲ್ಲಿ ಬರೆಸುವುದೆಂದು ಅವರು ನಿರ್ಧರಿಸಿದ್ದರು. ಯಾರು ಯಾರೊಂದಿಗೆ ಹಿಡಿದರು, ಯಾರು ಗೆದ್ದರು ಎಂದು. ಕಮಿಟಿಯ ಮುಖ್ಯಸ್ಥ, ಬೀಜದ ಅಂಗಡಿಯ ಶರಣಪ್ಪ, ನಮ್ಮ ಮನೆಗೆ ಬಂದು, "ಮಾಸ್ತರ್ರ, ಆಗಿನ ಪೈಲ್ವಾನ್ರೊಳಗ ಎಲ್ಲಾ ನೆನಪಿಟ್ಟಾವ್ರು ನೀವೊಬ್ರೇ ಉಳದೀರಿ. ಗೆದ್ದಾವ್ರಿಗಿ ಎಲ್ಲಿ ನೆನಪಿರತಾದ್ರಿ?" ಎಂದ. ಇದು ಹೊಗಳಿಕೆಯೋ ಬೈಗುಳವೋ ತಿಳಿಯದೆ ನಾನು ಒಳಗೆ ತಿರುಗಿ ಚಹಾ ಹೇಳಿದೆ.

ನೆನಪಿಗೇನು ಬರವಿರಲಿಲ್ಲ. ಸುರಪುರದಲ್ಲಿ ನಡೆದ ಒಂದು ಕುಸ್ತಿ ಎಷ್ಟು ಹೊತ್ತು ಎಳೆಯಿತೆಂದರೆ, ಹುಣಸಗಿಗೆ ಹೋಗುವ ಬಸ್ಸಿನ ಡ್ರೈವರ್ ಕಣದ ಪಕ್ಕದಲ್ಲೇ ಗಾಡಿ ನಿಲ್ಲಿಸಿ ಬಸ್ಸಿನ ಮೇಲೆ ಹತ್ತಿ ಕೂತ. ಒಳಗಿದ್ದವರು ಬೈದರೂ ಇಳಿಯಲಿಲ್ಲ. ಕೊನೆಗೆ ಬೈಯುತ್ತಿದ್ದವರೂ ಮೇಲೆ ಹತ್ತಿದರು. ಯಾದಗಿರಿಯಲ್ಲಿ ಇಬ್ಬರು ಹೊತ್ತು ಮುಳುಗುವವರೆಗೆ ಹಿಡಿದರೂ ಯಾರೂ ಬೀಳದೆ, ಉಂಡು ಬನ್ನಿ ಎಂದು ಪಂಚರು ಬಿಡಿಸಿದರೆ, ಒಂದೇ ಗಂಗಾಳದಲ್ಲಿ ಉಣ್ಣುತ್ತಾ ಕೂತವರು ಕಣಕ್ಕೆ ವಾಪಸು ಬರಲೇ ಇಲ್ಲ. ವಡಗೇರಾದ್ದು ನನ್ನದೇ ಕುಸ್ತಿ. ಹಲಗಿ ಬಾರಿಸುವವನು ಕೋಲು ಕೈಗೆತ್ತಿಕೊಳ್ಳುವುದರೊಳಗೆ ನಾನು ಬಿದ್ದಿದ್ದೆ. ಹಲಗಿ ಇಲ್ಲದ ಕುಸ್ತಿ ಕುಸ್ತಿಯಲ್ಲ, ನನ್ನ ಹಕ್ಕು ತಪ್ಪಿತು ಎಂದು ಅವನು ಜಗಳ ತೆಗೆದ. ಅವನ ಮಾತಿನಲ್ಲಿ ನ್ಯಾಯವಿತ್ತು. ಮತ್ತೆ ಎದ್ದು ಹಿಡಿದೆ, ಹಲಗಿಯೊಂದಿಗೆ ಸಶಾಸ್ತ್ರವಾಗಿ ಬಿದ್ದೆ.

ಇವನ್ನೆಲ್ಲ ಶರಣಪ್ಪ ನಗುತ್ತಾ ಕೇಳಿಕೊಂಡ. ಆಮೇಲೆ ನಾನು ಗಂಟಲು ಸರಿಮಾಡಿಕೊಂಡು, "ಇನ್ನೊಂದು ಬರೆಯಬೇಕು. ನೀರು ಬಂದ ದಿನ ನಡೆದದ್ದು. ನಾನು ಮಾನಪ್ಪ ಪೈಲ್ವಾನನ ಬೆನ್ನು ಮಣ್ಣಿಗೆ ಹಚ್ಚಿದ್ದು" ಎಂದೆ. ಒಳಗೆ ಚಹಾ ಸೋಸುತ್ತಿದ್ದ ನನ್ನ ಹೆಂಡತಿ ನಿಂಗಮ್ಮನ ಕೈ ನಿಂತ ಸದ್ದು ನನಗೆ ಕೇಳಿತು. ಮಾನಪ್ಪ ಪೈಲ್ವಾನನೆಂದರೆ ಅವಳ ಅಣ್ಣ.

"ಹಂಗೇನರ ಬರಸೀರಿ ಮತ್ತ!" ಎಂದು ಅವಳು ಅಲ್ಲಿಂದಲೇ ಹೇಳಿದಳು. "ನಮ್ಮಣ್ಣನ ಬೆನ್ನಿಗಿ ಒಂದು ದಿನಾನೂ ಮಣ್ಣು ಹತ್ತಿಲ್ಲ. ಹತ್ತಿಸಾಂವ ಇನ್ನಾ ಹುಟ್ಟಿಲ್ಲ."

"ಹುಟ್ಟ್ಯಾನ. ದಿನಾ ನಿನ್ನ ಮುಂದ ಕುಂತು ರೊಟ್ಟಿ ತಿನ್ನಾಕತ್ತಾನ."

ಈ ಸಂಭಾಷಣೆ ಹೊಸದಲ್ಲ. ನಮ್ಮ ಮದುವೆಯಷ್ಟೇ ವಯಸ್ಸು ಇದಕ್ಕೆ. ಬೇರೆ ಮನೆಗಳಲ್ಲಿ ಉಪ್ಪು, ಸೀರೆ, ಅತ್ತೆಯ ಮಾತುಗಳಿಂದ ಜಗಳ ಹುಟ್ಟಿದರೆ ನಮ್ಮಲ್ಲಿ ಒಂದು ಬೆನ್ನಿನಿಂದ ಹುಟ್ಟುತ್ತದೆ. ಎಷ್ಟೋ ಸಲ ಬಿದ್ದವನ ಒಂದೇ ಒಂದು ಗೆಲುವು ಅದು. ಅವಳಿಗೋ, ಅವಳ ತವರಿನ ಮಾನವೆಲ್ಲ ಮಣ್ಣು ಹತ್ತದ ಆ ಬೆನ್ನಿನ ಮೇಲೇ ನಿಂತಿದೆ. ಇಬ್ಬರದೂ ನಿಜವಾಗಲು ಸಾಧ್ಯವಿಲ್ಲ. ಹೀಗಿದ್ದೂ ಇಷ್ಟು ವರ್ಷ ಒಂದೇ ಒಲೆಯ ಮೇಲೆ ನಮ್ಮ ಅಡುಗೆಯಾಗಿದೆ.

ಆ ದಿನದ ಸಂಗತಿ ಹೇಳಿಬಿಡುತ್ತೇನೆ. ಕಾಲುವೆ ತೋಡಿ ವರ್ಷಗಳಾಗಿದ್ದರೂ ಆಗ ನಾವಿದ್ದ ಹುಣಸಗಿ ಸೀಮೆಯಲ್ಲಿ ಅದು ಒಣಗಿಯೇ ಬಿದ್ದಿತ್ತು. ಹುಡುಗರು ಅದರೊಳಗೆ ಚೆಂಡಾಡುತ್ತಿದ್ದರು, ಹೆಂಗಸರು ಶೇಂಗಾ ಒಣಹಾಕುತ್ತಿದ್ದರು. ಹೀಗಿರುವಾಗ, ಮುಂಜಾನೆ ನೀರು ಬರುತ್ತದೆ ಎಂದು ಸುದ್ದಿ ಬಂತು. ಸುತ್ತಲಿನ ಹಳ್ಳಿಗಳ ಜನವೆಲ್ಲ ಬುತ್ತಿ ಕಟ್ಟಿಕೊಂಡು ಕಾಲುವೆ ದಂಡೆಗೆ ಬಂದು ಕೂತರು. ಮುಂಜಾನೆ ಹೋಯಿತು, ಮಧ್ಯಾಹ್ನವಾಯಿತು, ನೀರಿನ ಸುಳಿವಿಲ್ಲ. ಜನ ಗೊಣಗತೊಡಗಿದರು. ಅಷ್ಟು ಜನರನ್ನು ಸುಮ್ಮನೆ ಕೂಡಿಸುವುದು ಹೇಗೆ? ಹಿರಿಯರು ದಂಡೆಯ ಪಕ್ಕದ ಹೊಲದಲ್ಲೇ ಮಣ್ಣು ಅಗೆಸಿ ಕಣ ಮಾಡಿಸಿದರು. ಬಂದವರಲ್ಲಿ ಪೈಲ್ವಾನರನ್ನು ಹುಡುಕಿ ಜೋಡಿ ಹಚ್ಚಿದರು. ಮಾನಪ್ಪನಿಗೆ ಸರಿಜೋಡಿ ಯಾರೂ ಸಿಗದೆ ನನ್ನನ್ನು ಹಚ್ಚಿದರು. ನನ್ನನ್ನು ಹಚ್ಚುವಾಗ ಯಾವಾಗಲೂ ಹೀಗೇ ಏನಾದರೂ ಒಂದು ಕಾರಣವಿರುತ್ತಿತ್ತು.

ಪಂಚರಾಗಿದ್ದವರು ನನಗೆ ಕುಸ್ತಿ ಕಲಿಸಿದ ಖಾಸೀಂಸಾಬ ವಸ್ತಾದರು. ಮಹಾ ಕಟ್ಟುನಿಟ್ಟಿನ ಮನುಷ್ಯ. ಅವರ ಕಣದಲ್ಲಿ ಕೆಲವು ಕಟ್ಟಳೆಗಳಿದ್ದವು. ಬೆನ್ನು ಮಣ್ಣಿಗೆ ಹತ್ತಿದ್ದು ಪಂಚರ ಕಣ್ಣಿಗೆ ಬಿದ್ದರಷ್ಟೇ ಅದು ಸೋಲು. ಪಂಚರು ಕಾಣದಿದ್ದರೆ ಬಿದ್ದವನು ತಾನಾಗಿ ಒಪ್ಪಬೇಕು. ಗೆದ್ದವನು ತನ್ನ ಬಾಯಿಂದ 'ಗೆದ್ದೆ' ಎನ್ನಬಾರದು. ಪಂಚರು ಬಂದು ಕೈ ಎತ್ತುವವರೆಗೆ ಕಣ ಬಿಟ್ಟು ಕದಲಬಾರದು. ನಾನು ಕುಸ್ತಿಯಲ್ಲಿ ಸರಿಯಾಗಿ ಕಲಿತದ್ದು ಈ ಕಟ್ಟಳೆಗಳನ್ನು ಮಾತ್ರ, ಗೆಲ್ಲುವ ಪಟ್ಟುಗಳೆಲ್ಲ ಬೇರೆಯವರ ಪಾಲಾದವು.

ಮಾನಪ್ಪ ನನ್ನ ಕುತ್ತಿಗೆಗೆ ಕೈ ಹಾಕಿದ್ದ. ಎಂದಿನಂತೆ ನಾನು ಎಲ್ಲಿ ಬೀಳಬೇಕೆಂದು ಜಾಗ ನೋಡಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಆ ಕೈ ಒಮ್ಮೆಲೇ ಸಡಿಲವಾಯಿತು. ಯಾಕೆ ಎಂದು ಕೇಳುವ ಹೊತ್ತಲ್ಲ. ಒಳಗಾಲು ಹಾಕಿ, ಸೊಂಟ ಹಿಡಿದು, ಇದ್ದಬದ್ದ ಬಲವನ್ನೆಲ್ಲ ಸೇರಿಸಿ ತಿರುವಿದೆ. ಮಾನಪ್ಪ ಪೈಲ್ವಾನ ಬಿದ್ದ. ಎರಡೂ ಭುಜ ನೆಲಕ್ಕೆ ಹತ್ತಿದ್ದನ್ನು ಈ ಕಣ್ಣಿಂದ ನೋಡಿದೆ. ತಲೆ ಎತ್ತಿ ಸುತ್ತ ನೋಡುತ್ತೇನೆ, ಕಣದ ಸುತ್ತ ಬರೀ ಬೆನ್ನುಗಳು. ಕಾಲುವೆಗೆ ನೀರು ಬಂದಿತ್ತು. ಜನ ಕೂಗುತ್ತಾ ದಂಡೆಗೆ ಓಡುತ್ತಿದ್ದರು. ಹಲಗಿಯವನು ಹಲಗಿ ಬಿಟ್ಟು ಓಡಿದ್ದ. ಖಾಸೀಂಸಾಬರು ರುಮಾಲು ಕೈಯಲ್ಲಿ ಹಿಡಿದು ಎಲ್ಲರಿಗಿಂತ ಮುಂದೆ ಓಡುತ್ತಿದ್ದರು. ನನ್ನ ಕೆಳಗಿದ್ದ ಮಾನಪ್ಪ ನನ್ನನ್ನು ಪಕ್ಕಕ್ಕೆ ಸರಿಸಿ ಎದ್ದು, ಬೆನ್ನ ತುಂಬ ಮಣ್ಣು ಮೆತ್ತಿಕೊಂಡೇ ಓಡಿಹೋಗಿ ಕಾಲುವೆಗೆ ಹಾರಿದ. ಜಗತ್ತಿನಲ್ಲಿ ನನಗಿದ್ದ ಒಂದೇ ಸಾಕ್ಷಿ ಹಾಗೆ ತೊಳೆದುಹೋಯಿತು.

ನಾನು ಕಣ ಬಿಟ್ಟು ಕದಲಲಿಲ್ಲ. ಕಟ್ಟಳೆ ಕಟ್ಟಳೆಯೇ. ಜೀವನದಲ್ಲಿ ಮೊದಲ ಸಲ ಗೆದ್ದಿದ್ದೇನೆ, ಕದ್ದವನಂತೆ ಓಡಿಹೋಗಲೇ? ಪಂಚರು ಬಂದು ಕೈ ಎತ್ತಲಿ ಎಂದು ಒಬ್ಬನೇ ನಿಂತೆ. ದಂಡೆಯ ಕಡೆಯಿಂದ ನಗು, ಅಳು, ಕೇಕೆ, ಹೆಂಗಸರ ಹಾಡು ಎಲ್ಲ ಕೇಳಿಸುತ್ತಿತ್ತು. ಎಷ್ಟೋ ಹೊತ್ತಿನ ಮೇಲೆ ಖಾಸೀಂಸಾಬರು ತೊಯ್ದು ತೊಪ್ಪೆಯಾಗಿ ಬಂದರು. ನಾನು ನಿಂತಿರುವುದನ್ನೂ, ಅವರ ಹಿಂದೆ ಮಿರಿಮಿರಿ ಮಿಂಚುವ ಮೈಯಲ್ಲಿ ಬರುತ್ತಿದ್ದ ಮಾನಪ್ಪನನ್ನೂ ನೋಡಿ, "ಇನ್ನಾ ಇಲ್ಲೇ ನಿಂತೀಯೇನೋ? ಹೋಗ್ಲಿ ಬಿಡು ಬೇಟಾ, ಇವತ್ತ ಎಲ್ಲಾ ಬರಾಬರಿ" ಎಂದರು. ಬರಾಬರಿ ಎಂದರೆ ಸರಿಸಮ, ಯಾರೂ ಗೆದ್ದಿಲ್ಲ, ಯಾರೂ ಸೋತಿಲ್ಲ. ಅವರ ಗಡ್ಡದಿಂದ ನೀರು ತೊಟ್ಟಿಕ್ಕುತ್ತಿತ್ತು. ಅಂಥ ಖುಷಿಯಲ್ಲಿದ್ದ ಮನುಷ್ಯನೊಂದಿಗೆ ವಾದಿಸಲು ನನಗೆ ಬಾಯಿ ಬರಲಿಲ್ಲ.

ಆ ಬರಾಬರಿಯೇ ನನಗೆ ಹೆಂಡತಿಯನ್ನು ಕೊಡಿಸಿತು. ನಮ್ಮ ಮಾನಪ್ಪನಿಗೆ ಸರಿಸಮ ನಿಂತ ಗಂಡು ಎಂದು ಅವಳ ಅಪ್ಪನೇ ಹೇಳಿಕಳಿಸಿದ. ಸೋತಿದ್ದರೆ ನನ್ನನ್ನು ಕೇಳುತ್ತಿರಲಿಲ್ಲ. ಗೆದ್ದೆನೆಂದು ಗೊತ್ತಾಗಿದ್ದರೆ ಮಗನನ್ನು ಕೆಡವಿದವನಿಗೆ ಮಗಳನ್ನು ಕೊಡುತ್ತಿರಲಿಲ್ಲ. ಆದ್ದರಿಂದ ಮದುವೆಯಾಗುವವರೆಗೆ ನಾನು ಬಾಯಿ ಮುಚ್ಚಿಕೊಂಡಿದ್ದೆ. ಆದ ಮೇಲೆ ಮುಚ್ಚಲಿಲ್ಲ. ಮಾನಪ್ಪನ ಮುಂದೆ ಮಾತು ಬಂದಾಗಲೆಲ್ಲ ಅವನು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಮೀಸೆ ಸವರಿಕೊಂಡು ಎಲೆ ಅಡಿಕೆ ಕೇಳುತ್ತಿದ್ದ.

ಈಗ ಗೋಡೆಯ ಪ್ರಶ್ನೆ ಬಂದಿತ್ತು. ಗೋಡೆ ಮೀಸೆ ಸವರಿಕೊಂಡು ಸುಮ್ಮನಿರುವುದಿಲ್ಲ, ಅಲ್ಲಿ ಏನಾದರೊಂದು ಬರೆಯಲೇಬೇಕು. ಶರಣಪ್ಪ ಜಾಣ. ಮಾನಪ್ಪನನ್ನೇ ಊರಿನಿಂದ ನಮ್ಮ ಮನೆಗೆ ಕರೆಸಿ, ನಮ್ಮಿಬ್ಬರನ್ನೂ ಎದುರುಬದುರು ಕೂಡಿಸಿದ. ಮಾನಪ್ಪನಿಗೆ ಮೊಣಕಾಲು ನೋವು, ಕೋಲು ಊರಿಕೊಂಡು ಬಂದಿದ್ದ. ಕುಳಿತುಕೊಳ್ಳಲು ನಾನೇ ಕೈ ಕೊಡಬೇಕಾಯಿತು. ನಿಂಗಮ್ಮ ಬಾಗಿಲಿಗೆ ಒರಗಿ ಅಣ್ಣನ ಮುಖವನ್ನೇ ನೋಡುತ್ತಾ ನಿಂತಳು.

"ಪೈಲ್ವಾನ್ರ, ಅವತ್ತ ನಿಮ್ಮ ಬೆನ್ನು ಹತ್ತಿತ್ತೇನ್ರಿ?" ಎಂದು ಶರಣಪ್ಪ ಕೇಳಿದ.

"ಹತ್ತಿತ್ತಲ್ಲ" ಎಂದ ಮಾನಪ್ಪ, ಸಂತೆಯ ದರ ಹೇಳಿದಷ್ಟು ಸಲೀಸಾಗಿ. "ಎರಡೂ ಭುಜಾ ಹತ್ತಿದ್ವು. ಮಾಸ್ತರ್ರೇ ಗೆದ್ದಾರ. ಬರಸ್ರಿ."

ನಿಂಗಮ್ಮನ ಮುಖ ಕಪ್ಪಿಟ್ಟಿತು. "ಮತ್ತ ಇಷ್ಟು ವರ್ಷ ಯಾಕ ಹೇಳಲಿಲ್ರಿ?" ಎಂದೆ.

"ನೀವು ಹೇಳಾಕತ್ತಿದ್ರಿ, ನಾ ಕೇಳಾಕತ್ತಿದ್ದೆ. ಹತ್ತಿತ್ತೇನಂತ ನನಗ್ಯಾರು ಕೇಳಿದ್ರು?" ಎಂದು ಮಾನಪ್ಪ ನಕ್ಕ. "ನಿಮ್ಮ ಕುತ್ತಿಗಿ ಹಿಡದಿದ್ದೆ. ಒಮ್ಮಿಗೇ ವಾಸನಿ ಬಂತು. ನೀರಿಗಿಂತ ಮೊದಲ ವಾಸನಿ ಬರತಾದ, ಒಣಮಣ್ಣು ತೊಯ್ದದ್ದು. ಹೊರಳಿ ನೋಡಿದೆ. ಕೈ ಬಿಟ್ಟಿತು. ನೀವು ಕಾಲು ಹಾಕಿದ್ರಿ. ಬಿದ್ದಲ್ಲಿಂದಾನೂ ನೀರೇ ನೋಡಿದೆ. ಮುಂದ ಬರೇ ಕಸ, ಒಣ ಎಲಿ, ಬುರುಗು. ಅದರ ಮುಂದ ಇಲಿ, ಓತಿಕ್ಯಾತ ಜೀವ ಹಿಡಕೊಂಡು ಓಡಾಕತ್ತಿದ್ವು. ಹಾವಿನಂಗ ಸಪ್ಪಳಿಲ್ಲದ ಬಂತು ನೋಡ್ರಿ."

"ನಮ್ಮ ಆಯಿ ಚಪ್ಪಲಿ ಬಿಟ್ಟು ಕೈ ಮುಗದು ನಿಂತಳಲ್ಲಣ್ಣ" ಎಂದಳು ನಿಂಗಮ್ಮ, ಬಾಗಿಲು ಬಿಟ್ಟು ಬಂದು ಅಣ್ಣನ ಪಕ್ಕದಲ್ಲಿ ಕೂತು. ಅವಳೂ ಅವಳ ಅಜ್ಜಿಯೂ ಆ ದಿನ ದಂಡೆಯ ಮೇಲಿದ್ದರು. "ಕೆಸರು ಕುಡೀಬ್ಯಾಡ ಅಂದ್ರೂ ಕೇಳಲಿಲ್ಲ, ಬೊಗಸಿ ತುಂಬ ತಗೊಂಡು ಕುಡದಳು. ಇದು ದಿನ್ನಿ ಮ್ಯಾಲಿನ ನನ್ನ ಹೊಲಕ್ಕ ಹೋಗೂದಿಲ್ಲ, ನನ್ನ ಹೊಟ್ಟಿಗರ ಹೋಗ್ಲಿ ಅಂದಳು." ಅಣ್ಣ ತಂಗಿ ಇಬ್ಬರ ಕಣ್ಣೂ ತುಂಬಿದ್ದವು. ಶರಣಪ್ಪನೂ ಗೋಡೆಯನ್ನು ಮರೆತು ಬಾಯಿ ತೆರೆದು ಕೇಳುತ್ತಿದ್ದ.

"ಅಲ್ರಿ ಮಾಸ್ತರ್ರ, ನೀವು ಯಾವ ಕಡಿ ನಿಂತು ನೋಡಿದ್ರಿ?" ಎಂದು ಮಾನಪ್ಪ ಕೇಳಿದ.

ನಾನು ನೋಡಿರಲಿಲ್ಲ. ಆ ಸೀಮೆಗೆ ಸೀಮೆಯೇ ಕಾದು ಕೂತಿದ್ದ ನೀರು ಮೊದಲ ಸಲ ಬಂದಾಗ ಅದಕ್ಕೆ ಬೆನ್ನು ಹಾಕಿ ನಿಂತವನು ನಾನೊಬ್ಬನೇ. ಯಾರೂ ಎತ್ತದ ಒಂದು ಕೈ ಇಟ್ಟುಕೊಂಡು ಕಣದಲ್ಲಿ ಕಾಯುತ್ತಿದ್ದೆ. ನಾನು ದಂಡೆಗೆ ಹೋಗುವಾಗ ಕತ್ತಲಾಗಿತ್ತು, ಕಾಲುವೆಯಲ್ಲಿ ಎಲ್ಲ ಕಾಲುವೆಗಳಲ್ಲಿ ಹರಿಯುವಂತೆ ನೀರು ಹರಿಯುತ್ತಿತ್ತು. ಇದು ಇಷ್ಟು ವರ್ಷ ನನಗೆ ಹೊಳೆದೇ ಇರಲಿಲ್ಲ.

"ಬರಾಬರಿ ಅಂತಲೇ ಬರೆಸಪ್ಪ" ಎಂದೆ ಶರಣಪ್ಪನಿಗೆ. ಅವನು ಇದನ್ನು ನನ್ನ ದೊಡ್ಡತನವೆಂದು ತಿಳಿದು ಕಾಲು ಮುಟ್ಟಲು ಬಂದ. ಮುಟ್ಟಿಸಿಕೊಂಡೆ.

ಗೋಡೆಯ ಮೇಲೆ ಈಗ ಹಾಗೆಯೇ ಇದೆ, ಹೋಗಿ ನೋಡಬಹುದು. ನಮ್ಮ ಮನೆಯಲ್ಲಿ ಬೆನ್ನಿನ ಜಗಳ ನಿಂತಿದೆ. ಆದರೆ ಒಂದು ಹೊಸ ಚಟ ನನಗೆ ಅಂಟಿಕೊಂಡಿದೆ. ಯಾರಾದರೂ ಕಾಲುವೆಯ ಮಾತೆತ್ತಿದರೆ ಸಾಕು, ಅದರ ಮೊದಲ ನೀರು ಬಂದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ ಎಂದು ಶುರು ಮಾಡುತ್ತೇನೆ. ಮುಂದೆ ಕಸ, ಒಣ ಎಲೆ, ನೊರೆ, ಅದರ ಮುಂದೆ ಓಡುವ ಇಲಿಗಳು ಎಂದೆಲ್ಲ ಹೇಳುತ್ತೇನೆ. ಮೊನ್ನೆ ಒಬ್ಬರು, "ಖರೇ ನೋಡೀರೇನ್ರಿ?" ಎಂದು ಕೇಳಿಯೇಬಿಟ್ಟರು. ನಾನು ನಿಂಗಮ್ಮನ ಕಡೆ ನೋಡಿದೆ. ಅವಳು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಅವರಿಗೆ ಎಲೆ ಅಡಿಕೆ ತರಲು ಒಳಗೆ ಹೋದಳು.