ಕಡ್ಡಿ ಪೈಲ್ವಾನನ ವಾಷಿಂಗ್ ಮೆಷಿನ್

ಇಷ್ಟೆಲ್ಲ ರಾಮಾಯಣಕ್ಕೆ ಮೂಲ ಕಾರಣ ಒಂದು ಗ್ಯಾಸ್ ಸಿಲಿಂಡರ್. ಅದನ್ನು ಹೆಗಲ ಮೇಲೆ ಹೊತ್ತು ಅವನು ತನ್ನ ಮನೆಯ ಹಜಾರದಲ್ಲಿ ಬಸ್ಕಿ ಹೊಡೆಯುತ್ತಿದ್ದಾಗ ಬಾಗಿಲು ತೆರೆದಿತ್ತು. ಮೆಟ್ಟಿಲು ಹತ್ತುತ್ತಿದ್ದ ಎರಡನೇ ಮಹಡಿಯ ಅಜ್ಜಿ ನೋಡಿಬಿಟ್ಟರು. ಅಜ್ಜಿ ನೋಡಿದರೆಂದರೆ ಇಡೀ ಕಟ್ಟಡವೇ ನೋಡಿದ ಹಾಗೆ. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ, ಜೋರಾಗಿ ಗಾಳಿ ಬೀಸಿದರೆ ಕಂಬ ಹಿಡಿದು ನಿಲ್ಲಬೇಕಾದ ಆ ಸಣಕಲನಿಗೆ ಅಂದಿನಿಂದ ‘ಕಡ್ಡಿ ಪೈಲ್ವಾನ್’ ಎಂಬ ಬಿರುದು ಬಂತು. ಬಿರುದಿನ ಹಿಂದೆಯೇ ಕೆಲಸವೂ ಬಂತು. ಯಾರ ಮನೆಯ ಸಿಲಿಂಡರ್ ಖಾಲಿಯಾದರೂ ಅವನನ್ನೇ ಕರೆಯತೊಡಗಿದರು.

ಪಾಪ, ಅವನಿಗೆ ಪೈಲ್ವಾನನಾಗುವ ಆಸೆ ಇರಲೇ ಇಲ್ಲ. ಅವನು ದೂರದ ಓಟಗಾರ. ಊರಿನ ದೊಡ್ಡ ಓಟದಲ್ಲಿ ಪ್ರತಿ ವರ್ಷವೂ ಎರಡನೆಯವನಾಗಿ ಬರುತ್ತಿದ್ದ. ಮೊದಲು ಬರುತ್ತಿದ್ದವನು ಒಬ್ಬ ಹಸಿರು ಟೋಪಿಯವನು. ಅವನ ಬೆನ್ನು ನಮ್ಮ ಕಡ್ಡಿಗೆ ಸ್ವಂತ ಅಂಗೈಯಷ್ಟು ಪರಿಚಯ, ಮುಖ ಮಾತ್ರ ಒಂದು ಸಲವೂ ಕಂಡಿಲ್ಲ. ಏಕೆಂದರೆ ಬಹುಮಾನ ಹಂಚುವ ಹೊತ್ತಿಗೆ ಇವನು ಮೀನಖಂಡ ಸೆಟೆದುಕೊಂಡು, ಪ್ರಥಮ ಚಿಕಿತ್ಸೆಯ ಡೇರೆಯಲ್ಲಿ ಬಿದ್ದು ‘ಅಯ್ಯಮ್ಮಾ’ ಎನ್ನುತ್ತಿರುತ್ತಿದ್ದ.

ಅವನಿಗೆ ಪಾಠ ಹೇಳುತ್ತಿದ್ದವರು ನಿವೃತ್ತ ಡ್ರಿಲ್ ಮೇಷ್ಟ್ರು.

“ಲೋ, ಬರೀ ಓಡಿದ್ರೆ ಸಾಲದು ಕಣೋ. ನಿನ್ನ ಎದೆ ಕುದುರೇದು, ಕಾಲು ಕೊಕ್ಕರೇದು. ಭಾರ ಎತ್ತು! ಆಗ ಸ್ನಾಯು ಸ್ಪ್ರಿಂಗ್ ಥರ ಆಗುತ್ತೆ. ಅದೇ ವೇಗಕ್ಕೆ ಕಮ್ಮಿ ಉಸಿರು ಸಾಕಾಗುತ್ತೆ. ಕೊನೇಲಿ ಕಾಲು ಕೈಕೊಡಲ್ಲ.”

“ದಪ್ಪ ಆಗ್ಬಿಡಲ್ವಾ ಸಾರ್?”

“ನೀನಾ? ನೀನು ದಪ್ಪ ಆದ್ರೆ ನಾನು ಮೀಸೆ ಬೋಳಿಸ್ಕೋತೀನಿ. ಒಂದು ಮಾತು ಮಾತ್ರ ನೆನಪಿಟ್ಕೊ. ಭಾರ ಎತ್ತಿದಾಗ ಸ್ನಾಯುವಿನ ಎಳೆಗಳು ಅಲ್ಲಲ್ಲಿ ಹರಿಯುತ್ತವೆ. ಸುಮ್ನೆ ಮಲಗಿದಾಗಲೇ ಅವು ಕೂಡಿಕೊಂಡು ಗಟ್ಟಿ ಆಗೋದು. ಅದಕ್ಕೆ ಓಟದ ದಿನ ಒಂದು ಚೊಂಬು ನೀರನ್ನೂ ಎತ್ತಬೇಡ.”

ಈ ವರ್ಷ ಮೊದಲ ಬಹುಮಾನ ವಾಷಿಂಗ್ ಮೆಷಿನ್ ಎಂದು ಗೊತ್ತಾದ ದಿನದಿಂದ ಅವನ ಹೆಂಡತಿಗೆ ನೆಲದ ಮೇಲೆ ಕಾಲು ನಿಲ್ಲುತ್ತಿರಲಿಲ್ಲ. ಬಚ್ಚಲಿನ ಮೂಲೆ ಖಾಲಿ ಮಾಡಿಸಿ ನಲ್ಲಿ ಹಾಕಿಸಿದ್ದಳು. ಅಂಗಡಿಗೆ ಹೋಗಿ ಮೆಷಿನ್ನಿನ ಅಳತೆ ತಂದು, ಅದಕ್ಕೊಂದು ಹೂವಿನ ಚಿತ್ತಾರದ ಕವರ್ ಕೂಡ ಹೊಲಿದಿಟ್ಟಿದ್ದಳು.

“ನಿಮ್ಮ ಬೆವರಿನ ಬನಿಯನ್ ಒಗೆದೂ ಒಗೆದೂ ನನ್ನ ಕೈ ಬಿದ್ದುಹೋಗಿದೆ. ಈ ಸಲವೂ ಎರಡನೇದು ಬಂದ್ರೆ ನಿಮ್ಮ ಬಟ್ಟೆ ನೀವೇ ಒಗೆದ್ಕೊಳ್ಳಿ, ಅಷ್ಟೇ” ಎಂದು ತೀರ್ಪು ಕೊಟ್ಟಿದ್ದಳು. ಅವಳು ಆಡಿದ ಮಾತಿಗೆ ತಪ್ಪುವವಳಲ್ಲ ಎಂಬುದೇ ಅವನ ಭಯ.

ಓಟ ಸಂಜೆಗಿತ್ತು. ಬೆಳಿಗ್ಗೆ ಅವನು ಹಾಲು ತರಲು ಹೊರಟಾಗ ಅಜ್ಜಿ ಮೆಟ್ಟಿಲ ಬುಡದಲ್ಲಿ ನೀರಿನ ಕ್ಯಾನಿನ ಪಕ್ಕ ನಿಂತಿದ್ದರು.

“ಬಾರಪ್ಪ ಪೈಲ್ವಾನ್, ಇದನ್ನೊಂದು ಮೇಲಿಟ್ಟು ಹೋಗು.”

“ಅಜ್ಜಿ, ಇವತ್ತು ಆಗಲ್ಲ. ಭಾರ ಎತ್ತಿದ್ರೆ ಸ್ನಾಯುವಿನ ಎಳೆ ಹರಿಯುತ್ತಂತೆ.”

“ಹೌದಾ? ಬೇಡ ಬಿಡಪ್ಪ. ನಾನೇ ಎತ್ಕೋತೀನಿ. ನನ್ನ ಎಳೆ ಹರಿದ್ರೆ ಹರೀಲಿ, ಎಷ್ಟಾದ್ರೂ ಹಳೇ ಬಟ್ಟೆ.”

ಇಷ್ಟು ಹೇಳಿ ಅಜ್ಜಿ ಸೊಂಟದ ಮೇಲೆ ಕೈಯಿಟ್ಟು ಎಂಥ ನಿಟ್ಟುಸಿರು ಬಿಟ್ಟರೆಂದರೆ, ಅವನು ಕ್ಯಾನ್ ಹೊತ್ತುಕೊಂಡು ಹೋಗಿ ಎರಡನೇ ಮಹಡಿಯಲ್ಲಿಟ್ಟು ಬಂದ. ಒಂದು ಕ್ಯಾನ್ ತಾನೇ, ಏನಾಗುತ್ತದೆ ಎಂದು ಸಮಾಧಾನವನ್ನೂ ಹೇಳಿಕೊಂಡ.

ಹಾಲು ತರುವಷ್ಟರಲ್ಲಿ ಗೇಟಿನ ಮುಂದೆ ಒಂದು ಸಂಸಾರವೇ ಬೀದಿಗೆ ಬಿದ್ದಿತ್ತು. ನಾಲ್ಕನೇ ಮಹಡಿಗೆ ಹೊಸ ಬಾಡಿಗೆಯವರು ಬಂದಿದ್ದರು. ಕಟ್ಟಡಕ್ಕೆ ಲಿಫ್ಟ್ ಇಲ್ಲವೆಂದು ತಿಳಿದದ್ದೇ ತಡ, ಲಾರಿಯವರು ಸಾಮಾನನ್ನೆಲ್ಲ ಕೆಳಗಿಳಿಸಿ ಪರಾರಿಯಾಗಿದ್ದರು. ಆಕಾಶದಲ್ಲಿ ಮೋಡ ಬೇರೆ. ಕಟ್ಟಡದ ಸಂಘದ ಸೆಕ್ರೆಟರಿ, ಜೀವಮಾನದಲ್ಲಿ ಒಂದು ಕುರ್ಚಿಯನ್ನೂ ಸರಿಸದ ಮನುಷ್ಯ, ಎಲ್ಲರಿಗೂ ಅಪ್ಪಣೆ ಕೊಡುತ್ತಾ ನಿಂತಿದ್ದರು.

“ಬನ್ನಿ ಬನ್ನಿ, ನಿಮ್ಮನ್ನೇ ಕಾಯ್ತಿದ್ವಿ!”

“ಸಾರ್, ಸಂಜೆ ನನಗೆ ಓಟ ಇದೆ.”

“ಒಳ್ಳೇದೇ ಆಯ್ತಲ್ರೀ, ಮೈ ಬಿಸಿ ಆಗುತ್ತೆ. ನಮ್ಮ ಸಿಲಿಂಡರ್ ಎತ್ತೀ ಎತ್ತೀ ಕಾಲು ಗಟ್ಟಿ ಮಾಡ್ಕೊಂಡಾಗ ನಾವು ಬೇಡ ಅಂದ್ವಾ?”

ಅವನು ಓಡಿಹೋಗಿ ಮೊದಲ ಮಹಡಿಯ ತನ್ನ ಮನೆ ಸೇರಿ ಚಿಲಕ ಹಾಕಿಕೊಂಡ. ಹಾಸಿಗೆ ಮೇಲೆ ಅಂಗಾತ ಮಲಗಿದ. ಹೆಂಡತಿ ಕಾಲಿಗೆ ಗಾಳಿ ಬೀಸಿದಳು. ಹೀಗೆ ಮಧ್ಯಾಹ್ನದವರೆಗೆ ಸುಖವಾಗಿತ್ತು. ಆಮೇಲೆ ಬಾಗಿಲಾಚೆ ‘ದಡಾರ್’ ಎಂದು ಸದ್ದಾಯಿತು.

ಸೆಕ್ರೆಟರಿಯ ಸೇನೆ ಒಂದು ಕಬ್ಬಿಣದ ಬೀರುವನ್ನು ಮೊದಲ ಮಹಡಿಯವರೆಗೆ ತಳ್ಳಿಕೊಂಡು ಬಂದು, ಇವನ ಬಾಗಿಲ ಎದುರಿಗೇ ಸಿಕ್ಕಿಸಿತ್ತು. ಹೊರಕ್ಕೆ ತೆರೆಯುವ ಬಾಗಿಲು ಒಂದು ಗೇಣಿಗಿಂತ ಹೆಚ್ಚು ಸರಿಯಲೊಲ್ಲದು. ಕಡ್ಡಿಯಾಗಿದ್ದದ್ದು ಬಾಳಿನಲ್ಲಿ ಮೊದಲ ಸಲ ಉಪಯೋಗಕ್ಕೆ ಬಂದು ಅವನು ಆ ಸಂದಿಯಲ್ಲೇ ನುಸುಳಿದ. ನುಸುಳಿ ನೋಡಿದರೆ, ಅವನು ಬೀರುವಿನ ಮೇಲಿನ ಕಡೆ, ಬೀದಿ ಬೀರುವಿನ ಕೆಳಗಿನ ಕಡೆ.

“ಸಾರ್, ಇದನ್ನ ಕೆಳಗಿಳಿಸಿ! ನಾನು ಓಟಕ್ಕೆ ಹೋಗ್ಬೇಕು!”

“ಹಿಂದಕ್ಕೆ ಬರಲ್ಲ ಕಣ್ರೀ, ಕಂಬಿಗೆ ಕಚ್ಕೊಂಡಿದೆ. ನೀವು ಮೇಲಿಂದ ಎಳೆದ್ರೆ ಮಾತ್ರ ದಾರಿ” ಎಂದು ಬೀರುವಿನಾಚೆಯಿಂದ ಸೆಕ್ರೆಟರಿಯ ದನಿ ಬಂತು.

ಬೇರೆ ದಾರಿ ಏನಿದೆ? ಕಡ್ಡಿ ಪೈಲ್ವಾನ್ ಎಳೆದ. ಎರಡನೇ ಮಹಡಿಯಲ್ಲಿ ಅಜ್ಜಿ ಬಾಗಿಲಿಗೆ ಬಂದು, “ಕ್ಯಾನ್ ಎತ್ತಿದ್ರೆ ಎಳೆ ಹರಿಯುತ್ತೆ, ಬೀರು ಎಳೆದ್ರೆ ಹರಿಯಲ್ವಾ?” ಎಂದರು. ಅವನು ಬೀರುವನ್ನು ಇನ್ನೊಂದು ಮೆಟ್ಟಿಲು ಮೇಲಕ್ಕೆಳೆದ.

ನಾಲ್ಕನೇ ಮಹಡಿ ತಲುಪಿದಾಗ ಒಳಗೆ ಒಬ್ಬ ಗಂಡಸು ಚಾಪೆಯ ಮೇಲೆ ಮಲಗಿ, ಎರಡು ದಿಂಬಿನ ಮೇಲೆ ಕಾಲಿಟ್ಟುಕೊಂಡಿದ್ದ. ಇವನನ್ನು ಕಂಡು ಕೈಮುಗಿದ.

“ತುಂಬಾ ಉಪಕಾರ ಆಯ್ತು ಸಾರ್. ನಾನೇ ಏಳ್ತಿದ್ದೆ. ಇವತ್ತು ಕಾಲಿಗೆ ಏನೂ ಕೆಲಸ ಕೊಡಬಾರ್ದು ಅಂತ ಹೇಳಿದ್ದಾರೆ.”

ಇವನಿಗೆ ಅಯ್ಯೋ ಪಾಪ ಎನಿಸಿತು. ಛೆ, ಇಷ್ಟು ಚಿಕ್ಕ ವಯಸ್ಸು, ಯಾವ ಕಾಯಿಲೆಯೋ ಏನೋ! ತಾನಾದರೋ ಎರಡು ಗಟ್ಟಿ ಕಾಲಿಟ್ಟುಕೊಂಡು ಒಂದು ಬೀರುವಿಗೆ ಗೊಣಗುತ್ತಿದ್ದೇನಲ್ಲ ಎಂದು ನಾಚಿಕೆಯಾಯಿತು. ಆ ನಾಚಿಕೆಯಲ್ಲೇ ಇಳಿದು ಮಂಚ ತಂದ. ಆಮೇಲೆ ಹೊಲಿಗೆ ಯಂತ್ರ ತಂದ. ಕಡೆಗೆ ಪುಸ್ತಕದ ಪೆಟ್ಟಿಗೆಗಳನ್ನೂ ತಂದ.

“ಚಿಂತೆ ಮಾಡ್ಬೇಡಿ ಸಾರ್. ಸಂಜೆ ಹೊತ್ತಿಗೆ ನೀವು ಎದ್ದು ಓಡೋ ಹಾಗಾಗ್ಲಿ” ಎಂದು ಬಾಯ್ತುಂಬ ಹರಸಿದ.

“ನಿಮ್ಮ ಬಾಯಿ ಹರಕೆ ಸಾರ್” ಎಂದ ಮಲಗಿದ್ದವನು.

ಓಟ ಶುರುವಾಗುವ ಕ್ಷಣದಲ್ಲಿ ಕಡ್ಡಿ ಪೈಲ್ವಾನ್ ಮೈದಾನಕ್ಕೆ ಬಿದ್ದಂಬೀಳ ಬಂದು ಸೇರಿಕೊಂಡ. ಮುಂದಿನ ಸಾಲಿನಲ್ಲಿ ಅದೇ ಹಸಿರು ಟೋಪಿ, ಅದೇ ಬೆನ್ನು. ಹಲ್ಲು ಕಚ್ಚಿ ಓಡಿದ. ಮೇಷ್ಟ್ರ ಮಾತು ಸುಳ್ಳಾಗಲಿಲ್ಲ. ಏರಿನಲ್ಲಿ ಉಸಿರು ಸಾಕಾಯಿತು, ಕಾಲು ನೆಲದಿಂದ ಪುಟಿಯಿತು, ಪ್ರತಿ ವರ್ಷ ಸೆಟೆಯುತ್ತಿದ್ದ ಮೀನಖಂಡ ಈ ಸಲ ತುಟಿಪಿಟಕ್ಕೆನ್ನಲಿಲ್ಲ. ಕೊನೆಯ ತಿರುವಿನಲ್ಲಿ ಆ ಬೆನ್ನು ಎಷ್ಟು ಹತ್ತಿರ ಬಂತೆಂದರೆ ಅಂಗಿಯ ಹೊಲಿಗೆ ಕಾಣುತ್ತಿತ್ತು. ವಾಷಿಂಗ್ ಮೆಷಿನ್ನಿನ ಗರಗರ ಸದ್ದು ಅವನ ಕಿವಿಯಲ್ಲಿ ಕೇಳಿಸತೊಡಗಿತು.

ಅಷ್ಟರಲ್ಲಿ ಬೀರು, ಮಂಚ, ಹೊಲಿಗೆ ಯಂತ್ರ ಎಲ್ಲವೂ ಒಟ್ಟಿಗೆ ತೊಡೆಗೆ ಇಳಿದವು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಒಂದು ಮೊಳದ ಅಂತರದಲ್ಲಿ ಸೋತ.

ಆದರೆ ಈ ಸಲ ಡೇರೆಗೆ ಹೋಗುವ ಪ್ರಮೇಯ ಬರಲಿಲ್ಲ. ಹಾಗಾಗಿ ಮೊಟ್ಟಮೊದಲ ಬಾರಿಗೆ ಹಸಿರು ಟೋಪಿಯವನು ತಿರುಗಿದ್ದನ್ನು ನೋಡಿದ.

“ಅರೆ! ನಮ್ಮ ಬೀರು ಎತ್ತಿದ ಸಾರ್ ಅಲ್ವಾ ನೀವು?”

ಅಷ್ಟರಲ್ಲಿ ಡ್ರಿಲ್ ಮೇಷ್ಟ್ರು ಓಡಿ ಬಂದು ಇಬ್ಬರನ್ನೂ ತಬ್ಬಿಕೊಂಡರು.

“ಇಬ್ಬರೂ ನನ್ನ ಶಿಷ್ಯರೇ ಕಣ್ರೋ! ಬೆಳಿಗ್ಗೆ ನಿನಗೆ ಪಾಠ, ಸಂಜೆ ಇವನಿಗೆ. ಇಬ್ಬರಿಗೂ ಒಂದೇ ಮಾತು ಹೇಳಿದ್ದೆ. ಇವನು ಕೇಳಿದ ನೋಡು!”

ಕತ್ತಲಾಗುವ ಹೊತ್ತಿಗೆ ಬಹುಮಾನದ ಗಾಡಿ ಕಟ್ಟಡದ ಮುಂದೆ ನಿಂತಿತು. ಲಿಫ್ಟ್ ಇಲ್ಲವೆಂದು ತಿಳಿದು ಆ ಗಾಡಿಯವರೂ ಮೆಷಿನ್ನನ್ನು ಗೇಟಿನಲ್ಲಿಳಿಸಿ ಹೊರಟುಹೋದರು. ಹಸಿರು ಟೋಪಿಯವನು ತಲೆ ಕೆರೆದುಕೊಂಡ. “ಓಟ ಆದ ಮೇಲೂ ಒಂದು ದಿನ ಭಾರ ಎತ್ತಬಾರದಂತೆ ಸಾರ್. ಗುರುಗಳು...” ಎಂದು ರಾಗ ಎಳೆದ. ಸೆಕ್ರೆಟರಿ ಅಷ್ಟರಲ್ಲಿ ಹಗ್ಗವನ್ನೇ ತಂದಿದ್ದರು. “ನಮ್ಮ ಪೈಲ್ವಾನ್ ಇರೋವಾಗ ಯಾಕ್ರೀ ಯೋಚನೆ? ಹೇಗೂ ಓಟ ಮುಗೀತಲ್ಲ!”

ಮೆಷಿನ್ ಬೆನ್ನಿಗೇರಿತು. ಮಹಡಿಯಿಂದ ಇದನ್ನು ಕಂಡ ಅಜ್ಜಿ “ಗೆದ್ದ! ನಮ್ಮ ಹುಡುಗ ಗೆದ್ದ!” ಎಂದು ಕೂಗಿದರು. ಇಡೀ ಕಟ್ಟಡ ಚಪ್ಪಾಳೆ ತಟ್ಟಿತು. ಮೊದಲ ಮಹಡಿಯಲ್ಲಿ ಅವನ ಹೆಂಡತಿ ಬಾಗಿಲು ಪೂರ್ತಿ ತೆರೆದು, ಕವರ್ ಎದೆಗವಚಿಕೊಂಡು ನಿಂತಿದ್ದಳು. ಕಣ್ಣಲ್ಲಿ ನೀರಿತ್ತು.

“ಬನ್ನಿ ಬನ್ನಿ, ನಿಧಾನ! ಮೂಲೆ ಒರೆಸಿಟ್ಟಿದ್ದೀನಿ... ರೀ! ಎಲ್ಲಿಗ್ರೀ ಹೋಗ್ತಿದ್ದೀರಾ? ನಮ್ಮನೆ ಇದು!”

“ಗೊತ್ತು ಕಣೇ” ಎಂದ ಅವನು, ನಿಲ್ಲದೆ. ನಿಂತರೆ ಮತ್ತೆ ಹೆಜ್ಜೆ ಏಳುವ ಭರವಸೆ ಇರಲಿಲ್ಲ. “ಇದು ಇನ್ನೂ ಮೂರು ಮಹಡಿ ಮೇಲೆ ಹೋಗ್ಬೇಕು.”

ಅವಳಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಕವರ್ ಕೈಯಿಂದ ಜಾರಿತು.

“ಹಾಗಾದ್ರೆ ನಮಗೆ?”

“ಎರಡನೇ ಬಹುಮಾನ ಗೇಟಿನ ಹತ್ರ ಇದೆ. ಒಂದು ಜೊತೆ ಕಬ್ಬಿಣದ ಡಂಬೆಲ್ಸ್” ಎಂದ ಅವನು, ಮುಂದಿನ ಮೆಟ್ಟಿಲ ಮೇಲೆ ಕಾಲಿಡುತ್ತಾ. “ಅದನ್ನ ನೀನೇ ಎತ್ಕೊಂಡ್ ಬಾ ಮಾರಾಯ್ತಿ, ಇವತ್ತು ನನ್ನ ಕೈಲಾಗಲ್ಲ.”